ಸಾಧು ನಾಯಿಯ ಎದೆಯೊಳಗೆ

ನಮ್ಮ ನಾಯಿ ಪಶುವೈದ್ಯರ ಮೇಜಿನ ಮೇಲೆ ಕಲ್ಲಿನಂತೆ ನಿಲ್ಲುತ್ತದೆ. ‘ಎಷ್ಟು ಸಾಧು ನೋಡಿ, ಸ್ವಲ್ಪವೂ ಹೆದರಿಕೆಯಿಲ್ಲ’ ಎಂದು ಸರದಿಯಲ್ಲಿದ್ದವರು ಹೊಗಳುತ್ತಾರೆ. ವರ್ಷಗಟ್ಟಲೆ ನಾನೂ ಹಿಗ್ಗಿದವನೇ. ಈಗ ಆ ಮಾತು ಕೇಳಿದರೆ ಕಸಿವಿಸಿಯಾಗುತ್ತದೆ.

ಪ್ರಯೋಗಾಲಯದ ಮೊಲಗಳ ಕಥೆ ಓದಿದ ಮೇಲೆ ಹೀಗಾಗಿದೆ. ಮೊಲಕ್ಕೆ ಒಂದು ಸದ್ದು ಕೇಳಿಸಿ, ಹಿಂದೆಯೇ ಸಣ್ಣದೊಂದು ವಿದ್ಯುತ್ ಆಘಾತ ಕೊಡುತ್ತಾರೆ. (ಓದುವಾಗ ನನಗೂ ಹಿಂಸೆಯಾಯಿತು.) ಕೆಲವೇ ಸಲ ಹೀಗಾದರೆ ಮುಂದೆ ಸದ್ದೊಂದೇ ಸಾಕು, ಹೃದಯದ ಬಡಿತ ಬದಲಾಗುತ್ತದೆ. ಎದೆ ಡವಡವ ಎನ್ನುತ್ತದೆಂದು ನಾನು ಊಹಿಸಿದ್ದೆ. ಆದರೆ ಮೊಲದ ಬಡಿತ ನಿಧಾನವಾಗುತ್ತದೆ! ಮಿದುಳಿನಿಂದ ಹೃದಯಕ್ಕೆ ಇಳಿದು ಬರುವ ವೇಗಸ್ ನರ ಕಡಿವಾಣ ಎಳೆಯುತ್ತದೆ. ಅಟ್ರೋಪಿನ್‌ನಂಥ ಔಷಧದಿಂದ ಆ ನರದ ಪ್ರಭಾವವನ್ನು ತಡೆದರೆ ಈ ಇಳಿಕೆ ಕಾಣುವುದಿಲ್ಲ. 1979ರಲ್ಲಿ ಬ್ರೂಸ್ ಕ್ಯಾಪ್ ಮತ್ತು ಸಂಗಡಿಗರು ಮೊಲದ ಮಿದುಳಿನಲ್ಲಿ ಭಯಕ್ಕೆ ಸಂಬಂಧಿಸಿದ ಅಮಿಗ್ಡಲಾದ ಒಂದು ಭಾಗಕ್ಕೆ ಹಾನಿ ಮಾಡಿ ನೋಡಿದಾಗಲೂ ಈ ಇಳಿಕೆ ಕುಗ್ಗಿತ್ತು. ಪಾರಿವಾಳದಲ್ಲಿ ಇದಕ್ಕೆ ತದ್ವಿರುದ್ಧ: ಬಡಿತ ಏರುತ್ತದೆ, ಅಲ್ಲಿ ಹೃದಯವನ್ನು ಚುರುಕುಗೊಳಿಸುವ ಸಿಂಪಥೆಟಿಕ್ ನರಗಳದೂ ಕೈವಾಡವಿದೆ. ಒಂದೇ ಭಯ, ಒಬ್ಬರಲ್ಲಿ ಲಗಾಮು, ಇನ್ನೊಬ್ಬರಲ್ಲಿ ಚಾಟಿ.

ಇಲಿಗಳ ವಿಷಯ ಇನ್ನೂ ಸೋಜಿಗ. ನರವಿಜ್ಞಾನಿ ಜೋಸೆಫ್ ಲೆಡೂ ಅವರ ತಂಡ 1988ರಲ್ಲಿ ತೋರಿಸಿದಂತೆ, ಮಿದುಳಿನ ಬುಡದಲ್ಲಿರುವ ಹೈಪೋಥಲಾಮಸ್‌ನ ಪಾರ್ಶ್ವಭಾಗ ಕೆಟ್ಟರೆ ಆಘಾತದ ಮುನ್ಸೂಚನೆಯಾದ ಸದ್ದಿಗೆ ಏರಬೇಕಾದ ರಕ್ತದೊತ್ತಡ ಏರುವುದಿಲ್ಲ, ಆದರೂ ಇಲಿ ಮರಗಟ್ಟಿ ನಿಲ್ಲುತ್ತದೆ. ನಡುಮಿದುಳಿನ ಬೂದು ಭಾಗ ಕೆಟ್ಟರೆ ಒತ್ತಡ ಏರುತ್ತದೆ, ಇಲಿ ಮಾತ್ರ ಮರಗಟ್ಟುವುದಿಲ್ಲ. ಮೈ ಹೇಳುವುದಕ್ಕೂ ರಕ್ತನಾಳ ಹೇಳುವುದಕ್ಕೂ ಬೇರೆ ಬೇರೆ ದಾರಿ. ಹಾಗಿರುವಾಗ ಹೊರಗಿನಿಂದ ನೋಡಿ ತೀರ್ಪು ಕೊಡಲು ನಾವು ಯಾರು?

ನಾಯಿಗಳ ಮೇಲಿನ ಪ್ರಯೋಗಗಳಿಗೆ ಹೆಸರಾದ ರಷ್ಯಾದ ವಿಜ್ಞಾನಿ ಪಾವ್ಲೋವ್ ಬಳಿ ಕಲಿತು ಬಾಲ್ಟಿಮೋರ್‌ನ ಜಾನ್ಸ್ ಹಾಪ್‌ಕಿನ್ಸ್‌ನಲ್ಲಿ ಪ್ರಯೋಗಾಲಯ ಕಟ್ಟಿದ ಹಾರ್ಸ್ಲಿ ಗ್ಯಾಂಟ್ ನಾಯಿಗಳಲ್ಲೇ ಇದನ್ನು ಕಂಡಿದ್ದರು. ಸದ್ದಿನ ಹಿಂದೆ ಕಾಲಿಗೆ ಕೊಡುತ್ತಿದ್ದ ಆಘಾತ ನಿಲ್ಲಿಸಿ ಬಹಳ ಕಾಲವಾದ ಮೇಲೆ ನಾಯಿ ಸದ್ದಿಗೆ ಕಾಲೆತ್ತುವುದನ್ನು ಬಿಡುತ್ತಿತ್ತು. ಹೃದಯ ಮಾತ್ರ ಹಳೆಯ ಲೆಕ್ಕವನ್ನು ಇಟ್ಟುಕೊಂಡೇ ಇರುತ್ತಿತ್ತು. ಗ್ಯಾಂಟ್ ಇದಕ್ಕೆ ‘ಸ್ಕಿಜೋಕೈನೆಸಿಸ್’ (ಸೀಳಿದ ಚಲನೆ) ಎಂದು ಹೆಸರಿಟ್ಟರು. ಹೆಸರು ನನಗೆ ಹಿಡಿಸಲಿಲ್ಲ, ಕಂಡದ್ದು ಹಿಡಿಸಿತು. ಮನುಷ್ಯನೊಬ್ಬ ಮೈ ಸವರಿದರೆ ನಾಯಿಯ ಬಡಿತ ಇಳಿಯುವುದನ್ನೂ ಅವರೇ ದಾಖಲಿಸಿದರು.

ಹಾಗಾಗಿ ಈಗ ಚುಚ್ಚುಮದ್ದು ಇಲ್ಲದ ದಿನವೂ ನಮ್ಮ ನಾಯಿಯನ್ನು ಚಿಕಿತ್ಸಾಲಯಕ್ಕೆ ಕರೆದೊಯ್ಯುತ್ತೇನೆ. ತಿಂಡಿ ಕೊಟ್ಟು, ಬೆನ್ನು ಸವರಿ, ಹಾಗೇ ಮನೆಗೆ ಮರಳುತ್ತೇವೆ. ವೈದ್ಯರು ನಗುತ್ತಾರೆ. ನಾಯಿ ಇನ್ನೂ ಕಲ್ಲಿನಂತೆಯೇ ನಿಲ್ಲುತ್ತದೆ.