ನೀನೋ, ನೀವೋ

ಸಾಗರದ ಮಾರಿಕಾಂಬಾ ಜಾತ್ರೆ ಮೂರು ವರ್ಷಕ್ಕೊಮ್ಮೆ ನಡೆಯುತ್ತದೆ. ಪ್ರೌಢಶಾಲೆಯೂ ಎಂಟರಿಂದ ಹತ್ತರವರೆಗೆ ಮೂರೇ ವರ್ಷ. ಆದ್ದರಿಂದ ಎಲ್ಲೂ ಡುಮ್ಕಿ ಹೊಡೆಯದ ವಿದ್ಯಾರ್ಥಿಗೆ ಪ್ರೌಢಶಾಲೆಯ ಅವಧಿಯಲ್ಲಿ ದಕ್ಕುವುದು ಒಂದೇ ಜಾತ್ರೆ. ನನಗೆ ಅದು ಒಂಬತ್ತನೆಯ ತರಗತಿಯಲ್ಲಿ ದಕ್ಕಿತು. ಜಾತ್ರೆ ಮುಗಿದ ಸೋಮವಾರ ನನ್ನ ಕಂಪಾಸ್ ಪೆಟ್ಟಿಗೆ ತೆರೆದರೆ ಕೈವಾರದ ಪಕ್ಕದಲ್ಲಿ ನಾಲ್ಕು ಬತ್ತಾಸುಗಳಿದ್ದವು. ಇಟ್ಟವರು ಯಾರೆಂದು ಪತ್ತೆ ಮಾಡುವುದು ಕಷ್ಟವಾಗಲಿಲ್ಲ. ಹುಡುಗಿಯರ ಸಾಲಿನ ಮೂರನೆಯ ಬೆಂಚಿನಲ್ಲಿ ಒಬ್ಬಳು ಮಾತ್ರ, ಏನೂ ಬರೆದಿರದ ಕರಿಹಲಗೆಯನ್ನು ಬಹಳ ಶ್ರದ್ಧೆಯಿಂದ ನೋಡುತ್ತಿದ್ದಳು.

ಉತ್ತರವಾಗಿ ಪತ್ರ ಬರೆಯಲು ಕುಳಿತಾಗ ಮೊದಲ ಸಾಲಿನಲ್ಲೇ ಸಿಕ್ಕಿಬಿದ್ದೆ. ಹುಡುಗರೂ ಹುಡುಗಿಯರೂ ಮಾತನಾಡದ ಆ ಕಾಲದಲ್ಲಿ ಅವಳು ನನಗೆ ‘ನೀನು’ ಆಗಬೇಕೋ ‘ನೀವು’ ಆಗಬೇಕೋ ಎಂಬುದು ಇತ್ಯರ್ಥವಾಗಿರಲಿಲ್ಲ. ‘ನೀನು’ ಎಂದರೆ ಸಲಿಗೆ ಹೆಚ್ಚಾಗುತ್ತಿತ್ತು, ‘ನೀವು’ ಎಂದರೆ ಅತ್ತೆಗೆ ಬರೆದಂತಾಗುತ್ತಿತ್ತು. ಕೊನೆಗೆ ವ್ಯಾಕರಣ ಪುಸ್ತಕದ ಪತ್ರಲೇಖನದ ಪಾಠಕ್ಕೆ ಶರಣಾಗಿ, ‘ತಮ್ಮಲ್ಲಿ ಸವಿನಯವಾಗಿ ವಿನಂತಿಸಿಕೊಳ್ಳುವುದೇನೆಂದರೆ’ ಎಂದು ಆರಂಭಿಸಿ ‘ಇಂತಿ ತಮ್ಮ ವಿಧೇಯ’ ಎಂದು ಮುಗಿಸಿದೆ. ಆ ಹಾಳೆ ಪ್ರಬಂಧದ ನೋಟ್‌ಬುಕ್ಕಿನೊಳಗೇ ಉಳಿದು ಕನ್ನಡ ಮೇಷ್ಟ್ರ ಕೈ ಸೇರಿತು. ಅವರು ಹೊಡೆಯಲಿಲ್ಲ. ‘ರುದಯ’ ಎಂಬಲ್ಲಿ ಕೆಂಪು ಶಾಯಿಯಿಂದ ಸುತ್ತು ಹಾಕಿ, ‘ಎಷ್ಟು ದಿನ ರಜೆ ಬೇಕೆಂದು ನಮೂದಿಸಿಲ್ಲ’ ಎಂದು ಬರೆದು, 10ಕ್ಕೆ 4 ಅಂಕ ಕೊಟ್ಟರು.

1985ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಯಿತು. ಪಿಯುಸಿ ಮುಗಿಯುವಷ್ಟರಲ್ಲಿ ಅವಳಿಗೆ ದಾವಣಗೆರೆಯ ಕಡೆ ಸಂಬಂಧ ಗೊತ್ತಾಯಿತು. ನಮ್ಮೂರ ಮಾರಮ್ಮನೂ ಜಾತ್ರೆಯ ಮೊದಲ ದಿನ ತವರುಮನೆಯ ಗುಡಿಯಲ್ಲಿದ್ದು ಆ ರಾತ್ರಿಯೇ ಮೆರವಣಿಗೆಯಲ್ಲಿ ಗಂಡನ ಮನೆಯ ಗುಡಿಗೆ ಹೋಗುತ್ತಾಳೆ, ನಿಜ. ಆದರೆ ಅವಳಾದರೂ ಮೂರು ವರ್ಷಕ್ಕೊಮ್ಮೆ ತವರಿಗೆ ಬರುತ್ತಾಳೆ.

2023ರ ಫೆಬ್ರವರಿಯ ಜಾತ್ರೆಯಲ್ಲಿ, ಬೆಂಡು ಬತ್ತಾಸಿನ ಅಂಗಡಿಯ ಮುಂದೆ, ಅವರು ಸಿಕ್ಕಿದರು. (ಪ್ರಾಯ ಐವತ್ತು ದಾಟಿದ್ದರಿಂದ ಇಲ್ಲಿಂದ ಬಹುವಚನ ಬಳಸುತ್ತಿದ್ದೇನೆ.) ಅವರ ಯಜಮಾನರು ತೀರಿಕೊಂಡು ಆರು ವರ್ಷವಾಗಿತ್ತು, ನನ್ನ ಹೆಂಡತಿ ಹೋಗಿ ಒಂಬತ್ತು. ವಯಸ್ಸಾದ ತಾಯಿಯನ್ನು ನೋಡಿಕೊಳ್ಳಲೆಂದು ಅವರು ಊರಿಗೇ ಬಂದು ನೆಲೆಸಿದ್ದರು. ಎದುರಾದೊಡನೆ ನನಗೆ ನೆನಪಾದದ್ದು, ಸುಮಾರು ನಲವತ್ತು ವರ್ಷಗಳಿಂದ ಬಾಕಿ ಉಳಿದಿದ್ದ ಸರ್ವನಾಮ.

ಕನ್ನಡದಲ್ಲಿ ಸರ್ವನಾಮವನ್ನು ನುಂಗಿಕೊಳ್ಳಬಹುದು, ಆದರೆ ಕ್ರಿಯಾಪದ ಬಿಡುವುದಿಲ್ಲ. ‘ಯಾವಾಗ ಬಂದೆ’ ಎಂದರೂ ಸಿಕ್ಕಿಬಿದ್ದೆವು, ‘ಯಾವಾಗ ಬಂದಿರಿ’ ಎಂದರೂ ಸಿಕ್ಕಿಬಿದ್ದೆವು. ಹಾಗಾಗಿ ನಾನು ‘ಬಂದಿದ್ದು ಯಾವಾಗ?’ ಎಂದೆ. ಅವರೂ ಕಡಿಮೆಯವರಲ್ಲ, ‘ದೀಪಾವಳಿ ಹೊತ್ತಿಗೆ. ಮನೆಯಲ್ಲಿ ಎಲ್ಲಾ ಆರಾಮಾ?’ ಎಂದರು. ಆ ದಿನದಿಂದ ಆರು ತಿಂಗಳ ಕಾಲ ನಾವು ಹೀಗೆ ಯಾರನ್ನೂ ಉದ್ದೇಶಿಸದ ಕನ್ನಡದಲ್ಲಿ ಪ್ರೀತಿಯಿಂದ ಮಾತನಾಡಿದೆವು. ‘ಕಾಫಿ ಆಯಿತಾ?’ ‘ಬಿಪಿ ಮಾತ್ರೆ ಮರೆಯಬಾರದು.’ ‘ಸಂಜೆ ಗಣಪತಿ ಕೆರೆ ಕಡೆ ಬರುವುದುಂಟಾ?’ ಬೆಂಗಳೂರಿನಲ್ಲಿರುವ ನನ್ನ ಮಗಳು ಇದನ್ನು ಕೇಳಿ, ‘ಇಂಗ್ಲಿಷಿನಲ್ಲಿ ಮಾತಾಡಿ ಅಪ್ಪಾ, ಎಲ್ಲರಿಗೂ ಯೂ ಅಂದರೆ ಮುಗೀತು’ ಎಂದಳು. ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷಿಗೆ 37 ಅಂಕ ಪಡೆದವನು ಆ ಭಾಷೆಯಲ್ಲಿ ಪ್ರೀತಿಸಲು ಹೊರಟರೆ ಮತ್ತೆ ರಜೆ ಅರ್ಜಿಯೇ ಆಗುತ್ತದೆಂದು ಅವಳಿಗೆ ತಿಳಿಸಿ ಹೇಳಬೇಕಾಯಿತು.

ಈ ವ್ಯಾಕರಣ ಒಮ್ಮೆ ನನ್ನ ಮಾನವನ್ನೂ ಉಳಿಸಿತು. ಜುಲೈ ತಿಂಗಳ ಒಂದು ರಾತ್ರಿ ಅವರಿಗೆಂದು ಬರೆದ ‘ಮಳೆ ನಿಂತಿತಾ? ನಿದ್ದೆ ಬಂತಾ?’ ಎಂಬ ಸಂದೇಶ, ಕನ್ನಡಕವಿಲ್ಲದ ಬೆರಳಿನ ದೋಷದಿಂದ, ಹಳೆಯ ಸಹಪಾಠಿಗಳ ವಾಟ್ಸಾಪ್ ಗುಂಪಿಗೆ ಹೋಯಿತು. ಅದರಲ್ಲಿ ‘ನಿನಗೆ’ ಎಂದಿದ್ದರೆ ಬೆಳಗಾಗುವಷ್ಟರಲ್ಲಿ ಸಾಗರದ ಪೇಟೆಗೆಲ್ಲ ಸುದ್ದಿಯಾಗುತ್ತಿತ್ತು. ಇಲ್ಲದ್ದರಿಂದ ಹೊಸನಗರದವನು ನಿಂತಿಲ್ಲವೆಂದ, ತಾಳಗುಪ್ಪದವನು ಕರೆಂಟೂ ಇಲ್ಲವೆಂದ, ದುಬೈಯಲ್ಲಿರುವವನು ಮಳೆಯ ಫೋಟೋ ಹಾಕಿ ಎಂದು ಅಂಗಲಾಚಿದ. ಎಲ್ಲರ ಕೊನೆಗೆ ಅವರು ಅದೇ ಗುಂಪಿನಲ್ಲಿ, ‘ಈಗಷ್ಟೇ ನಿಂತಿತು. ನಿದ್ದೆ ಇನ್ನೂ ಬಂದಿಲ್ಲ’ ಎಂದು ಬರೆದರು.

ಆಗಸ್ಟಿನಲ್ಲಿ ಒಂದು ಭಾನುವಾರ ಅವರ ಮನೆಯಲ್ಲಿ ನನಗೆ ಊಟವಿತ್ತು. ಒಂದೆಲಗದ ತಂಬುಳಿ, ಕೆಸುವಿನ ಪತ್ರೊಡೆ, ಆ ವರ್ಷದ ಅಪ್ಪೆಮಿಡಿ ಉಪ್ಪಿನಕಾಯಿ. ಮಿಡಿಯ ಹೊಸ ಭರಣಿಯನ್ನು ಆ ದಿನವೇ ತೆರೆದಿದ್ದರು. ಬಾಯಿಗೆ ಕಟ್ಟಿದ್ದ ಬಿಳಿಯ ಬಟ್ಟೆ ಬಿಚ್ಚಿದೊಡನೆ ಅಪ್ಪೆಸೊನೆಯ ಪರಿಮಳ ಅಡಿಗೆಮನೆಯನ್ನೆಲ್ಲ ತುಂಬಿತು. ಅವರು ಅನ್ನ ತರಲು ಒಲೆಯ ಕಡೆ ತಿರುಗಿದಾಗ, ತೊಂದರೆ ಕೊಡುವುದು ಬೇಡವೆಂಬ ಸದುದ್ದೇಶದಿಂದ, ನಾನೇ ತಂಬುಳಿಯ ಪಾತ್ರೆಯಲ್ಲಿದ್ದ ಸೌಟನ್ನು ಎತ್ತಿ ಭರಣಿಗೆ ಇಳಿಸಿದೆ. ಮಲೆನಾಡಿನಲ್ಲಿ ಕೆಲವು ಅಪರಾಧಗಳಿಗೆ ಕ್ಷಮೆಯುಂಟು; ಮಿಡಿಯ ಭರಣಿಗೆ ನೀರಿನ ಪಸೆ ತಾಗಿಸಿ ಬೂಷ್ಟು ಬರಿಸುವುದು ಆ ಪಟ್ಟಿಯಲ್ಲಿ ಇಲ್ಲ.

‘ಥೋ! ಒದ್ದೆ ಸೌಟು ಹಾಕ್ತಾರೇನೋ ಭರಣಿಗೆ? ಇಷ್ಟು ವಯಸ್ಸಾದ್ರೂ ನಿಂಗೆ ಬುದ್ಧಿ ಬರ್ಲಿಲ್ವಲ್ಲೋ ಮಾರಾಯ!’

ಒಳಕೋಣೆಯಿಂದ ಅವರ ತಾಯಿ, ‘ಯಾರಿಗೇ ಬೈತಿದ್ದೀ?’ ಎಂದು ಕೂಗಿದರು.

‘ಇವ್ನಿಗೇ, ಇನ್ಯಾರಿಗೆ’ ಎಂದಳು ಅವಳು.

ಆ ಸಂತೋಷದಲ್ಲಿ ನಾನು ಸೌಟನ್ನು ಮತ್ತೊಮ್ಮೆ ಭರಣಿಗೇ ಅದ್ದಿದೆ.