ಚಾರ್ಜ್ ಪಟ್ಟಿಯಲ್ಲಿ ಇಲ್ಲದ ಬಾಬತ್ತು

ನಮ್ಮ ಶಾಲೆಯ ಮುಖ್ಯ ಶಿಕ್ಷಕಿ, ಮಕ್ಕಳಿಗೂ ಊರಿನವರಿಗೂ ‘ದೊಡ್ಡ ಮಿಸ್’ ಎಂದೇ ಪರಿಚಿತರಾದವರು, ಈ ಮೇ 31ಕ್ಕೆ ನಿವೃತ್ತರಾಗುತ್ತಿದ್ದಾರೆ. ಅವರ ಕಾಲದ ಎಷ್ಟೋ ಜನರಂತೆ ಅವರ ಹುಟ್ಟಿದ ದಿನವೂ ದಾಖಲೆಯಲ್ಲಿ ಜೂನ್ 1. ಶಾಲೆಗೆ ಸೇರಿಸಿಕೊಂಡ ಮೇಷ್ಟರು ಬರೆದುಕೊಂಡ ತಾರೀಕು ಅದು. ತಿಂಗಳ ಮೊದಲ ದಿನ ಹುಟ್ಟಿದವರು 60 ತುಂಬುವಾಗ ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತರಾಗಬೇಕೆಂಬುದು ಸರ್ಕಾರಿ ನಿಯಮವಾದ್ದರಿಂದ, ಬೇಸಿಗೆ ರಜೆ ಮುಗಿಸಿ ಮಕ್ಕಳು ಅಂಗಳಕ್ಕೆ ಕಾಲಿಡುವ ಹೊತ್ತಿಗೆ ಅವರು ಹೊರಟು ನಿಂತಿರುತ್ತಾರೆ. ಇದರ ಬಗ್ಗೆ ನನಗೆ ತಕರಾರಿಲ್ಲ. ವಯಸ್ಸಾದವರಿಗೆ ವಿಶ್ರಾಂತಿ ಬೇಕು. ನನ್ನ ಸಿಟ್ಟೆಲ್ಲ ಅವರು ನನಗೆ ವಹಿಸಿಕೊಡುತ್ತಿರುವ ಚಾರ್ಜ್ ಪಟ್ಟಿಯ ಮೇಲೆ.

ಆ ಪಟ್ಟಿಯನ್ನು ಒಮ್ಮೆ ನೋಡಬೇಕು. ಕಬ್ಬಿಣದ ಬೀರು, ಅದರ ಬೀಗ, ಬೀಗದ ಎರಡು ಕೈಗಳ ಪೈಕಿ ಒಂದು. ಗ್ಯಾಸ್ ಸಿಲಿಂಡರುಗಳು, ದೊಡ್ಡ ಕುಕ್ಕರು, ತಟ್ಟೆ ಲೋಟಗಳು. ಅಕ್ಕಿ, ತೊಗರಿಬೇಳೆ, ಹಾಲಿನ ಪುಡಿಯ ದಾಸ್ತಾನು ಕಿಲೋ ಗ್ರಾಂ ಸಹಿತ. ದಾಖಲಾತಿ ವಹಿ, ನಗದು ಪುಸ್ತಕ, ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ) ಖಾತೆಯ ಪಾಸ್‌ಬುಕ್ಕು. ಹತ್ತಾರು ಪೋರ್ಟಲ್‌ಗಳ ಲಾಗಿನ್ ಮತ್ತು ಪಾಸ್‌ವರ್ಡು. ಕಾಲು ಮುರಿದು ಮೂಲೆ ಸೇರಿದ ಭೂಗೋಳ ಕೂಡ ‘ದುರಸ್ತಿಗೆ ಯೋಗ್ಯ’ ಎಂಬ ಷರಾದೊಂದಿಗೆ ಅದರಲ್ಲಿದೆ. ಪ್ರತಿಯೊಂದಕ್ಕೂ ನಾನು ರುಜು ಹಾಕಬೇಕು, ಒಂದು ಲೋಟ ಕಡಿಮೆಯಾದರೂ ನಾಳೆ ಉತ್ತರ ಹೇಳಬೇಕು. ಆದರೆ ಮೂವತ್ತು ವರ್ಷಕ್ಕೂ ಮಿಕ್ಕಿ ಚಿಕ್ಕ ಮಕ್ಕಳ ನಡುವೆ ಕುಳಿತು ಈ ಹೆಂಗಸು ಕಲಿತದ್ದನ್ನು ಯಾರಿಗೆ ಒಪ್ಪಿಸಬೇಕು, ಯಾವಾಗ ಒಪ್ಪಿಸಬೇಕು ಎಂಬುದಕ್ಕೆ ಅಲ್ಲಿ ಕಾಲಮ್ಮಿಲ್ಲ. ಅದು ಒಪ್ಪಿಸಬೇಕಾದ ವಸ್ತು ಎಂಬ ಕಲ್ಪನೆಯೇ ಯಾರಿಗೂ ಇಲ್ಲ.

ಏನು ಅಂಥ ಮಹಾವಿದ್ಯೆ ಎಂದು ಕೇಳುವವರಿಗೆ ಒಂದನ್ನು ಹೇಳುತ್ತೇನೆ. ನಾನು ಹೊಸದಾಗಿ ಬಂದಾಗ ಒಂದನೇ ತರಗತಿಯ ಸ್ಲೇಟುಗಳ ಮೇಲೆ ಕಣ್ಣಾಡಿಸುತ್ತಿದ್ದರೆ ಅವರು ಪಕ್ಕದ ಚಾಪೆಯ ಮೇಲೆ ಬಂದು ಕುಳಿತು, ‘ಸ್ಲೇಟು ಆಮೇಲೆ ನೋಡೋಣಮ್ಮ, ಮೊದಲು ಕೈ ನೋಡು’ ಎಂದರು. ಚಿಕ್ಕ ತರಗತಿಗಳಿಗೆ ಕಾರ್ಡುಗಳ ಮೂಲಕ ಕಲಿಸುವ ನಮ್ಮ ನಲಿ-ಕಲಿಯಲ್ಲಿ ಮಕ್ಕಳು ಅಆಇಈಯಿಂದ ಶುರುಮಾಡುವುದಿಲ್ಲ. ರ, ಗ, ಸ, ದ, ಅ ಮುಗಿಸಿ ಜ, ವ, ಮ, ಬ, ನ ಎಂಬ ಗುಂಪಿಗೆ ಬರುತ್ತಾರೆ. ಹುಡುಗ ಬರೆದ ‘ವ’ ಸ್ಲೇಟಿನ ಮೇಲೆ ಮುದ್ದಾಗಿಯೇ ಕಾಣುತ್ತದೆ. ಆದರೆ ಅವನು ಅದನ್ನು ಬಲತುದಿಯಿಂದ ಹಿಂದಕ್ಕೆ ಎಳೆದು ಬರೆದಿದ್ದರೆ, ‘ಮ’ ಬರೆಯುವಾಗ ಆ ಬಾಲವನ್ನು ಎಲ್ಲಿಂದ ಹೊರಡಿಸಬೇಕೆಂದು ತಿಳಿಯದೆ ಬಳಪ ನಿಂತುಬಿಡುತ್ತದೆ. ಕೈ ಎಲ್ಲಿ ನಿಂತಿತೋ ಅಲ್ಲಿ ಪಾಠ ಇದೆ ಎಂಬುದು ಅವರ ಲೆಕ್ಕ. ಯಾವ ತರಬೇತಿಯಲ್ಲಿಯೂ ಇದನ್ನು ನನಗೆ ಯಾರೂ ಹೇಳಿರಲಿಲ್ಲ. ನಲಿ-ಕಲಿ ಎಂಬುದೇ 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಯ ಶಾಲೆಗಳನ್ನು ನೋಡಿ ಬಂದು, ತಾವೇ ಕಾರ್ಡು ಬರೆದು, ಮೆಟ್ಟಿಲು ಮೆಟ್ಟಿಲಾಗಿ ಹತ್ತುವ ಕಲಿಕಾ ಏಣಿ ಜೋಡಿಸಿ ಕಟ್ಟಿದ ಪದ್ಧತಿ. ಒಬ್ಬರ ಪಕ್ಕ ಇನ್ನೊಬ್ಬರು ಕುಳಿತು ಕಲಿತದ್ದರಿಂದಲೇ ಅದು ಬದುಕಿತು. ಇವತ್ತು ಕಾರ್ಡುಗಳು ಅಚ್ಚಾಗಿ ಬರುತ್ತವೆ, ಪಕ್ಕ ಕುಳಿತುಕೊಳ್ಳಲು ಪುರಸೊತ್ತು ಮಾತ್ರ ಬರುವುದಿಲ್ಲ.

ಅವರ ಕೊನೆಯ ವರ್ಷದಲ್ಲಾದರೂ ಅವರ ತರಗತಿಯಲ್ಲಿ ಕುಳಿತು ನೋಡಬೇಕೆಂದು ನನಗೆ ಆಸೆಯಿತ್ತು. ಆ ವರ್ಷ ಎಲ್ಲಿ ಹೋಯಿತೆಂದರೆ ಫೋನಿನೊಳಗೆ ಹೋಯಿತು. ಬೆಳಿಗ್ಗೆ ಮಗುವಿಗೆ 18 ಗ್ರಾಂ ಪುಡಿಯಂತೆ 150 ಮಿಲಿ ಲೀಟರ್ ಹಾಲು ಕಲಸಿಸಿದ ಲೆಕ್ಕ. ಮಧ್ಯಾಹ್ನ ಮೊಟ್ಟೆ ತಿಂದವರೆಷ್ಟು, ಬಾಳೆಹಣ್ಣು ತಿಂದವರೆಷ್ಟು ಎಂಬ ಲೆಕ್ಕ. ಬೇಯಿಸಿ ಸುಲಿಯುವ ಖರ್ಚೂ ಸೇರಿ ಒಂದು ಮೊಟ್ಟೆಗೆ ನಮಗೆ ಸಿಗುತ್ತಿದ್ದುದು 6 ರೂಪಾಯಿ; ಅಂಗಡಿಯಲ್ಲಿ ಅದಕ್ಕಿಂತ ಹೆಚ್ಚಾದ ದಿನ ವ್ಯತ್ಯಾಸ ತುಂಬುವವರು ಯಾರು ಎಂಬ ಪ್ರಶ್ನೆಗೆ ಮೌನವೇ ಉತ್ತರ. ಕೈ ತೊಳೆಯುವ ದಿನದ ಫೋಟೊ, ಗಿಡ ನೆಡುವ ದಿನದ ಫೋಟೊ, ಎಲ್ಲಕ್ಕೂ ಜಿಪಿಎಸ್ ಮುದ್ರೆ ಇರಲೇಬೇಕು. ಒಂದೇ ಮಾಹಿತಿಯನ್ನು ಒಂದು ಪೋರ್ಟಲ್ಲಿಗೆ ತುಂಬಿ, ಇನ್ನೊಂದಕ್ಕೆ ತುಂಬಿ, ಕೊನೆಗೆ ‘ತುರ್ತು’ ಎಂದು ಬರುವ ಎಕ್ಸೆಲ್ ಹಾಳೆಗೂ ತುಂಬಬೇಕು. 2025ರ ದಸರೆಯಲ್ಲಿ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ನಮ್ಮನ್ನು ಗಣತಿದಾರರನ್ನಾಗಿಸಿ, ಅದು ಮುಗಿಯದೆ ಶಾಲೆಗಳ ರಜೆಯನ್ನೇ ಅಕ್ಟೋಬರ್ 18ರವರೆಗೆ ಎಳೆದಾಗ, ವಾಪಸು ಬಂದ ನನ್ನ ಒಂದನೇ ತರಗತಿಯ ಮಕ್ಕಳು ಎರಡನೇ ಗುಂಪಿನ ಅಕ್ಷರಗಳನ್ನು ಪೂರಾ ಮರೆತಿದ್ದರು. ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಇವಿಷ್ಟನ್ನು ಬಿಟ್ಟು ಬೇರೆ ಶಿಕ್ಷಣೇತರ ಕೆಲಸಕ್ಕೆ ಶಿಕ್ಷಕರನ್ನು ನಿಯೋಜಿಸಬಾರದೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 27ನೇ ಕಲಮು ಹೇಳುತ್ತದೆ. ಆ ಕಲಮನ್ನು ನಾವು ಶಿಕ್ಷಕ ತರಬೇತಿಯ ಡಿ.ಇಡಿ. ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆವು.

ಇಷ್ಟೆಲ್ಲ ಆದ ಮೇಲೆ ರಾತ್ರಿ ಊಟ ಮುಗಿಸಿ ನಾನು ಅನಿಮೆ, ಅಂದರೆ ಜಪಾನಿನ ಕಾರ್ಟೂನ್ ಧಾರಾವಾಹಿ, ನೋಡುತ್ತೇನೆ. ಒಂದು ಸಂಚಿಕೆಗೆ ಇಪ್ಪತ್ತನಾಲ್ಕು ನಿಮಿಷದ ಆಸುಪಾಸು, ಅದರಲ್ಲಿ ಆದಿ ಅಂತ್ಯದ ಹಾಡುಗಳನ್ನು ಹಾರಿಸಿದರೆ ಇನ್ನೂ ಕಡಿಮೆ. ನನ್ನ ಪಾಲಿಗೆ ಉಳಿದಿರುವ ದಿನವೇ ಅಷ್ಟು. ‘ಟೀಚರ್ ಆಗಿ ಈ ವಯಸ್ಸಿನಲ್ಲಿ ಕಾರ್ಟೂನ್ ನೋಡುತ್ತೀಯಲ್ಲ’ ಎನ್ನುವ ನಮ್ಮ ಓರಗಿತ್ತಿ ರಾತ್ರಿ ಹತ್ತರವರೆಗೆ ಧಾರಾವಾಹಿಯಲ್ಲಿ ಅತ್ತೆ ಸೊಸೆಗೆ ವಿಷ ಹಾಕುವುದನ್ನು ನೋಡುತ್ತಾರೆ, ಅದಕ್ಕೆ ಯಾರ ಆಕ್ಷೇಪವೂ ಇಲ್ಲ. ನಾನು ನೋಡುವುದರಲ್ಲಿ ನನ್ನನ್ನು ಹಿಡಿದು ಕೂರಿಸುವುದು ಹೊಡೆದಾಟವಲ್ಲ, ಕಲಿಕೆ. ‘ನರುಟೊ’ ಎಂಬ ಅನಿಮೆಯಲ್ಲಿ ಜಿರಾಯಾ ಎಂಬ ಗುರು ಶಿಷ್ಯನಿಗೆ ಒಂದು ವಿದ್ಯೆಯನ್ನು ಹಂತಹಂತವಾಗಿ ಕಲಿಸುತ್ತಾನೆ: ಮೊದಲು ನೀರು ತುಂಬಿದ ಬಲೂನನ್ನು ಅಂಗೈಯಲ್ಲಿಯೇ ಒಡೆಯಬೇಕು, ಆಮೇಲೆ ರಬ್ಬರ್ ಚೆಂಡನ್ನು, ಕೊನೆಗೆ ಗಾಳಿ ತುಂಬಿದ ಬಲೂನು ಒಡೆಯದಂತೆ ಅದೇ ಶಕ್ತಿಯನ್ನು ಒಳಗೆ ಹಿಡಿದಿಡಬೇಕು. ಇದು ನಮ್ಮ ಕಲಿಕಾ ಏಣಿಯ ಮೆಟ್ಟಿಲುಗಳಲ್ಲದೆ ಮತ್ತೇನು? ಹುಡುಗ ಸೋಲುತ್ತಾನೆ, ಮತ್ತೆ ಕೂರುತ್ತಾನೆ, ಕಥೆ ಅವನಿಗಾಗಿ ಸಂಚಿಕೆಗಟ್ಟಲೆ ಕಾಯುತ್ತದೆ. ಅದನ್ನು ನೋಡುತ್ತಿರುವಾಗಲೇ ಪರದೆಯ ಮೇಲಂಚಿನಿಂದ ಸಂದೇಶ ಇಳಿಯುತ್ತದೆ: ‘ಇನ್ನೂ ಮಾಹಿತಿ ಸಲ್ಲಿಸದ ಶಾಲೆಗಳು, ಇಂದೇ ಸಲ್ಲಿಸತಕ್ಕದ್ದು.’ ಅಲ್ಲಿಗೆ ಮುಗಿಯಿತು.

ಜಪಾನಿನ ಶಿಕ್ಷಕರು ಸ್ವರ್ಗದಲ್ಲಿದ್ದಾರೆಂಬ ಭ್ರಮೆ ನನಗಿಲ್ಲ. ಹಲವು ದೇಶಗಳ ಶಿಕ್ಷಕರ ದುಡಿಮೆಯನ್ನು ಹೋಲಿಸುವ ಟ್ಯಾಲಿಸ್ ಎಂಬ ಸಮೀಕ್ಷೆಯ 2018ರ ವರದಿಯ ಪ್ರಕಾರ ಅಲ್ಲಿನ ಮಾಧ್ಯಮಿಕ ಶಾಲೆಯ ಶಿಕ್ಷಕರು ವಾರಕ್ಕೆ 56 ಗಂಟೆ ದುಡಿಯುತ್ತಿದ್ದರು. ಸಮೀಕ್ಷೆಯ ದೇಶಗಳ ಸರಾಸರಿ 38.3. ಹೆಚ್ಚುವರಿ ದುಡಿಮೆಗೆ ಪ್ರತ್ಯೇಕ ಭತ್ಯೆಯಿಲ್ಲದೆ ಸಂಬಳದ ಶೇ 4ರಷ್ಟನ್ನು ಸೇರಿಸಿ ಕೈತೊಳೆದುಕೊಳ್ಳುವ ಕಾನೂನು 1971ರಿಂದ ಇತ್ತು, ಅದನ್ನು ಹಂತಹಂತವಾಗಿ ಏರಿಸಲು 2025ರಲ್ಲಷ್ಟೇ ಕಾನೂನು ತಿದ್ದಿದರು. ಅಂದರೆ ತೆರೆಯ ಮೇಲೆ ಮಕ್ಕಳ ಹಿಂದೆ ಓಡಾಡುವ ಆ ಶಿಕ್ಷಕರು ಅಲ್ಲಿಯೂ ಕನಸೇ. ಸಂಕಟದಲ್ಲಿ ಜೊತೆಗಾರರಿದ್ದಾರೆಂದು ನನ್ನ ಸಿಟ್ಟು ಇಳಿಯುವುದಿಲ್ಲ, ಇನ್ನಷ್ಟು ಏರುತ್ತದೆ.

ನಾನು ಕೇಳುವುದು ದೊಡ್ಡದೇನಲ್ಲ. ನಿವೃತ್ತಿಯ ಅಂಚಿನಲ್ಲಿರುವ ಶಿಕ್ಷಕರಿಗೆ ಕೊನೆಯ ಆರು ತಿಂಗಳು ದಾಸ್ತಾನು, ಪೋರ್ಟಲ್ಲು, ಫೋಟೊಗಳಿಂದ ಬಿಡುಗಡೆ ಕೊಡಿ. ಕಿರಿಯರೊಬ್ಬರನ್ನು ಅವರ ತರಗತಿಯಲ್ಲಿ ಕೂರಿಸಿ. ಹಾಲಿನ ಪುಡಿ ತೂಗಲು, ಮಾಹಿತಿ ತುಂಬಲು ಮೂರ್ನಾಲ್ಕು ಶಾಲೆಗೆ ಒಬ್ಬ ಗುಮಾಸ್ತರನ್ನು ನೇಮಿಸಿದರೆ ಆಕಾಶ ಕಳಚಿ ಬೀಳುವುದಿಲ್ಲ. ಇದನ್ನು ಸಭೆಯೊಂದರಲ್ಲಿ ಹೇಳಿದ್ದಕ್ಕೆ, ‘ಸಲಹೆ ಚೆನ್ನಾಗಿದೆ, ಬರವಣಿಗೆಯಲ್ಲಿ ನಿಗದಿತ ನಮೂನೆಯಲ್ಲಿ ಕೊಡಿ’ ಎಂಬ ಉತ್ತರ ಬಂತು. ಅದಕ್ಕೂ ಒಂದು ನಮೂನೆ!

ದೊಡ್ಡ ಮಿಸ್ ಜಾಗಕ್ಕೆ ಸದ್ಯಕ್ಕೆ ಕಾಯಂ ಶಿಕ್ಷಕರು ಬರುವ ಲಕ್ಷಣವಿಲ್ಲ. ತಿಂಗಳಿಗೆ 12,000 ರೂಪಾಯಿ ಗೌರವಧನದ ಮೇಲೆ ಅತಿಥಿ ಶಿಕ್ಷಕರೊಬ್ಬರು ಬರಬಹುದು, ಬೇರೆ ಕೆಲಸ ಸಿಕ್ಕರೆ ನಡುವೆಯೇ ಹೋಗಲೂಬಹುದು. ಅವರ ತಪ್ಪೇನೂ ಅದರಲ್ಲಿಲ್ಲ. ಈ ನಡುವೆ ಮೇಲಿನ ಕಚೇರಿಯಿಂದ ಮತ್ತೆ ಮತ್ತೆ ಫೋನು ಬರುತ್ತಿದೆ: ಮೇಡಂ ಹೊರಡುವ ಮುಂಚೆ ಪಾಸ್‌ವರ್ಡುಗಳನ್ನೆಲ್ಲ ಬರೆಸಿಕೊಂಡಿರಾ, ಓಟಿಪಿ ಅವರ ನಂಬರಿಗೇ ಹೋಗುತ್ತದೆಯಲ್ಲ, ಅದನ್ನು ನಿಮ್ಮ ನಂಬರಿಗೆ ಬದಲಿಸಿಕೊಂಡಿರಾ ಎಂದು. ಬದಲಿಸಿಕೊಂಡಿದ್ದೇನೆ ಸ್ವಾಮಿ. ಒಂದನೇ ತರಗತಿಗೆ ಯಾರು ಹೋಗುತ್ತಾರೆಂದು ಕೇಳುವ ಫೋನು ಮಾತ್ರ ಇನ್ನೂ ಬಂದಿಲ್ಲ.