7 ಕೆ.ಜಿ.ಯಲ್ಲಿ ಬ್ಯಾಗಿನದ್ದೇ ಎಷ್ಟು?

ಹೋದ ತಿಂಗಳು ದೆಹಲಿಯ ತಂಗಿ ಮನೆಯಿಂದ ವಾಪಸ್ ಬರುವಾಗ, ವಿಮಾನ ಹತ್ತುವ ಗೇಟಿನಲ್ಲಿ ನನ್ನ ಟ್ರಾಲಿ ಬ್ಯಾಗನ್ನು ತೂಕಕ್ಕೆ ಇಡಿಸಿದರು. 8 ಕೆ.ಜಿ. 600 ಗ್ರಾಂ ಬಂತು. ಸ್ವೆಟರ್ ತೆಗೆದು ಹಾಕಿಕೊಂಡೆ. ಶಾಲು ಹೊದ್ದುಕೊಂಡೆ. ಪುಸ್ತಕ ಕೈಯಲ್ಲಿ ಹಿಡಿದುಕೊಂಡೆ. ಆದರೂ ಕೈಯಲ್ಲಿ ಒಯ್ಯಲು ಬಿಡುವ 7 ಕೆ.ಜಿ.ಗೆ ಇಳಿಯಲಿಲ್ಲ. ಸಾಲಿನಲ್ಲಿ ನಿಂತವರೆಲ್ಲ ನೋಡುತ್ತಿದ್ದರು. ದುಡ್ಡು ಕಟ್ಟಿ ಬ್ಯಾಗನ್ನು ಅವರ ಕೈಗೆ ಕೊಟ್ಟು ಬಂದೆ. ತುಂಬಾ ಬೇಜಾರಾಯಿತು.

ಮನೆಗೆ ಬಂದವಳೇ ಬ್ಯಾಗನ್ನು ಪೂರ್ತಿ ಖಾಲಿ ಮಾಡಿದೆ. ಮೆಣಸು ತೂಗಲು ಇಟ್ಟಿರುವ ಸ್ಪ್ರಿಂಗ್ ತಕ್ಕಡಿಯ ಕೊಕ್ಕೆಗೆ ನೇತುಹಾಕಿದೆ. ಒಳಗೆ ಒಂದು ಕರ್ಚೀಫೂ ಇಲ್ಲದ ಬ್ಯಾಗು 2 ಕೆ.ಜಿ. 900 ಗ್ರಾಂ ತೂಗಿತು. ನನಗೆ ಕೊಟ್ಟ 7 ಕೆ.ಜಿ.ಯಲ್ಲಿ ಹತ್ತಿರ ಹತ್ತಿರ ಅರ್ಧವನ್ನು ಬ್ಯಾಗೇ ತಿಂದು ಹಾಕಿತ್ತು. ಮೂರು ವರ್ಷದಿಂದ ಬಳಸುತ್ತಿದ್ದೇನೆ, ಒಂದು ಸಲವೂ ಖಾಲಿ ಬ್ಯಾಗು ತೂಗಿ ನೋಡಿರಲಿಲ್ಲ. ನಿಮ್ಮಲ್ಲಿ ಎಷ್ಟು ಜನ ತೂಗಿದ್ದೀರಿ, ಹೇಳಿ?

ನಮ್ಮ ದೇಶದೊಳಗಿನ ವಿಮಾನಗಳಲ್ಲಿ ಸಾಮಾನ್ಯ ಟಿಕೆಟಿಗೆ ಕೈಯಲ್ಲಿ ಒಯ್ಯಲು ಸಿಗುವುದು ಒಂದು ಬ್ಯಾಗು, 7 ಕೆ.ಜಿ. ಅಳತೆ 55 ಸೆಂ.ಮೀ. ಎತ್ತರ, 35 ಅಗಲ, 25 ದಪ್ಪ. ಕೆಲವು ಕಂಪನಿಗಳಲ್ಲಿ ಅಗಲ, ದಪ್ಪ ಸ್ವಲ್ಪ ಆಚೀಚೆ ಇರುತ್ತದೆ. ಚಕ್ರ, ಹಿಡಿ ಎಲ್ಲವೂ ಆ ಅಳತೆಯೊಳಗೇ ಬರಬೇಕು. ಗುಣಿಸಿ ನೋಡಿದರೆ 48 ಲೀಟರ್ ಜಾಗ. ಮೂರು ದಿನಕ್ಕೆ ಅದು ಧಾರಾಳ. ಆದರೆ ತೂಕದ ಲೆಕ್ಕ ಹಾಕಿ. ಬ್ಯಾಗಿಗೆ 2.9 ಹೋದರೆ ಉಳಿದದ್ದು 4.1. ಲ್ಯಾಪ್‌ಟಾಪು, ಚಾರ್ಜರ್ ಸೇರಿ 2 ಕೆ.ಜಿ. ಆಯಿತು. ಇನ್ನುಳಿದ 2.1 ಕೆ.ಜಿ.ಯಲ್ಲಿ ಬಟ್ಟೆ, ಚಪ್ಪಲಿ, ಮಾತ್ರೆ, ನೀರಿನ ಬಾಟಲಿ, ಮತ್ತೆ ತಂಗಿಗೆ ಅಂತ ಅಮ್ಮ ಕಟ್ಟಿಕೊಟ್ಟದ್ದು. ಎಲ್ಲಿ ಸಾಲುತ್ತದೆ?

ನಾವೆಲ್ಲ ರೈಲಿನಲ್ಲಿ, ಬಸ್ಸಿನಲ್ಲಿ ಓಡಾಡಿ ಬೆಳೆದವರು. ರೈಲಿನ ಸ್ಲೀಪರ್ ಕ್ಲಾಸಿನಲ್ಲಿ 40 ಕೆ.ಜಿ. ತನಕ ಲಗೇಜು ಫ್ರೀ. ಹಾಗಾಗಿ ಬ್ಯಾಗಿನ ಸ್ವಂತ ತೂಕದ ಬಗ್ಗೆ ನಾವು ಯೋಚನೆಯೇ ಮಾಡಿಲ್ಲ. ಅಂಗಡಿಗೆ ಹೋದರೆ ಹಿಡಿ ಎಳೆದು ನೋಡುತ್ತೇವೆ, ಚಕ್ರ ತಿರುಗಿಸುತ್ತೇವೆ, ಜೇಬು ಎಣಿಸುತ್ತೇವೆ. ಲೇಬಲ್ ಮೇಲೂ ಲೀಟರ್ ದೊಡ್ಡದಾಗಿ ಬರೆದಿರುತ್ತಾರೆ. ತೂಕ ಎಲ್ಲೋ ಮೂಲೆಯಲ್ಲಿ, ಕೆಲವದರಲ್ಲಿ ಅದೂ ಇಲ್ಲ. ನನ್ನ ಪ್ರಕಾರ ಕೈಯಲ್ಲಿ ಒಯ್ಯುವ ಬ್ಯಾಗಿಗೆ ಮೊದಲು ಕೇಳಬೇಕಾದ ಪ್ರಶ್ನೆ ಖಾಲಿ ತೂಕದ್ದು. 1 ಕೆ.ಜಿ. ಒಳಗಿದ್ದರೆ ಮಾತ್ರ ಮುಂದಿನ ಮಾತು. ಬಣ್ಣ, ಜೇಬು, ಬೀಗ ಎಲ್ಲ ಆಮೇಲೆ.

ಹಾಗಾದರೆ ಚಕ್ರ ಬೇಡ್ವಾ ಅಂತ ಕೇಳುತ್ತೀರಿ. ನನಗೆ ಬೇಡ.

ಚಕ್ರದ ಸೂಟ್‌ಕೇಸು ತುಂಬಾ ಹಳೆಯದೇನಲ್ಲ. ಬರ್ನಾರ್ಡ್ ಸ್ಯಾಡೋ ಎಂಬ ಅಮೆರಿಕದವರಿಗೆ ಅದರ ಪೇಟೆಂಟ್ ಸಿಕ್ಕಿದ್ದು 1972ರಲ್ಲಿ. ಈಗ ನಾವು ಎಳೆದುಕೊಂಡು ಹೋಗುವ, ನೆಟ್ಟಗೆ ನಿಲ್ಲುವ, ಹಿಡಿ ಮೇಲಕ್ಕೆ ಬರುವ ಮಾದರಿ ಮಾಡಿದವರು ರಾಬರ್ಟ್ ಪ್ಲಾತ್ ಎಂಬ ಪೈಲಟ್, 1987ರಲ್ಲಿ. ದಿನಾ ವಿಮಾನ ನಿಲ್ದಾಣದ ನುಣುಪು ನೆಲದ ಮೇಲೆ ನಡೆಯುವವರು ಮಾಡಿದ್ದು ಅದು. ಆ ನೆಲಕ್ಕೆ ಅದು ಸರಿಯಾಗಿಯೇ ಇದೆ. ನಮ್ಮ ದಾರಿ ಹೇಗಿದೆ ನೋಡಿ. ಮೂಡಿಗೆರೆ ಕಡೆಯ ನಮ್ಮ ಮನೆಯಿಂದ ಬಸ್ ನಿಲ್ಲುವ ಜಾಗಕ್ಕೆ ಕೆಸರು, ಜಲ್ಲಿ, ಮೋರಿ. ಅಲ್ಲಿಂದ ಚಿಕ್ಕಮಗಳೂರು. ಚಿಕ್ಕಮಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಬೇಲೂರು, ಹಾಸನ ದಾಟಿ ಬೆಂಗಳೂರು. ಮೆಜೆಸ್ಟಿಕ್‌ನಲ್ಲಿ ಇಳಿದು, ಮೆಟ್ಟಿಲು ಹತ್ತಿ ಇಳಿದು, ದೇವನಹಳ್ಳಿ ಕಡೆಯ ವಿಮಾನ ನಿಲ್ದಾಣಕ್ಕೆ ಹೋಗುವ ವಾಯುವಜ್ರ ಬಸ್ ಹಿಡಿಯಬೇಕು. ಮನೆಯಿಂದ ವಿಮಾನದ ಸೀಟಿನ ತನಕ ನನಗೆ 12 ಗಂಟೆ. ಅದರಲ್ಲಿ ಚಕ್ರ ಉರುಳುವುದು ಹೆಚ್ಚೆಂದರೆ ಅರ್ಧ ಗಂಟೆ. ಉಳಿದ ಹೊತ್ತೆಲ್ಲ ಚಕ್ರವನ್ನೂ ಕಬ್ಬಿಣದ ರಾಡನ್ನೂ ನಾನೇ ಎತ್ತಿಕೊಂಡು ಓಡಾಡಬೇಕು.

ನಾಲ್ಕು ಚಕ್ರದ ಬ್ಯಾಗಿನದ್ದು ಇನ್ನೊಂದು ಕಷ್ಟ. ನಮ್ಮ ತಿರುವು ರಸ್ತೆಯಲ್ಲಿ ಬಸ್ಸು ಬಲಕ್ಕೆ ತಿರುಗಿದರೆ ಬ್ಯಾಗು ಎಡಕ್ಕೆ ಉರುಳುತ್ತದೆ. "ಅಕ್ಕಾ, ನಿಮ್ದಾ ಬ್ಯಾಗು? ಹಿಡ್ಕೊಳ್ಳಿ, ಯಾರದ್ದಾದ್ರೂ ಕಾಲಿಗೆ ಹೊಡೀತದೆ" ಅಂತ ಕಂಡಕ್ಟರ್ ಹೇಳಿದಾಗ ಏನು ತಾನೇ ಹೇಳುವುದು? ಬಸ್ಸಿನ ತಲೆ ಮೇಲಿನ ರ್‍ಯಾಕು ಕಿರಿದು. ಗಟ್ಟಿ ಪೆಟ್ಟಿಗೆ ಅಲ್ಲಿ ಕೂರುವುದಿಲ್ಲ. ಮೆತ್ತನೆ ಬ್ಯಾಗಾದರೆ ಒತ್ತಿ ತೂರಿಸಬಹುದು.

ಬೆನ್ನುನೋವು, ಭುಜನೋವು ಇರುವವರಿಗೆ ಈ ಮಾತು ಹೇಳುತ್ತಿಲ್ಲ. ಅಮ್ಮನಿಗೆ ಚಕ್ರ ಬೇಕೇ ಬೇಕು. ಅವರಿಗೆ ಎರಡು ದೊಡ್ಡ ಚಕ್ರದ, ಬಟ್ಟೆಯ ಬ್ಯಾಗು ತಂದುಕೊಟ್ಟಿದ್ದೇನೆ. ಅದು ಇಟ್ಟಲ್ಲೇ ನಿಲ್ಲುತ್ತದೆ.

ಬೆನ್ನಿಗೆ ಹಾಕುವ ಬ್ಯಾಗುಗಳನ್ನು ಗಂಡಸರ ಮೈ ನೋಡಿಯೇ ಹೊಲಿದ ಹಾಗಿದೆ. ಎರಡು ಪಟ್ಟಿಗಳ ನಡುವೆ ಅಂತರ ಜಾಸ್ತಿ. ನನ್ನ ಭುಜದಿಂದ ಜಾರುತ್ತಲೇ ಇರುತ್ತದೆ. ಎದೆಗೆ ಕಟ್ಟುವ ಪಟ್ಟಿ ಇರಬಾರದ ಜಾಗದಲ್ಲಿ ಬರುತ್ತದೆ. ಅದನ್ನು ಮೇಲೆ ಕೆಳಗೆ ಸರಿಸಲು ಆಗಬೇಕು. ಇನ್ನೊಂದು, ಹಿಡಿ. ಮೇಲೊಂದು, ಪಕ್ಕದಲ್ಲೊಂದು ಇರುವುದು ಸರಿ. ಆದರೆ ತಳದಲ್ಲೂ ಒಂದು ಬೇಕು. ನಾನು 5 ಅಡಿ ಇದ್ದೇನೆ. ವಿಮಾನದಲ್ಲಿ ಬ್ಯಾಗನ್ನು ತಲೆ ಮೇಲಕ್ಕೆ ಎತ್ತುವಾಗ ಒಂದು ಕೈಗೆ ಮೇಲಿನ ಹಿಡಿ, ಇನ್ನೊಂದು ಕೈಗೆ ತಳದ ಹಿಡಿ ಸಿಕ್ಕರೆ ಯಾರನ್ನೂ ಕರೆಯದೆ ನಾನೇ ಇಡುತ್ತೇನೆ. ಒಂದು ಗೇಣು ಪಟ್ಟಿ ಹೊಲಿದರೆ ಮುಗಿಯುವ ಕೆಲಸ. ಅದನ್ನೂ ಎಷ್ಟೋ ಬ್ಯಾಗಿನಲ್ಲಿ ಮಾಡಿರುವುದಿಲ್ಲ.

ಇನ್ನು ಮಳೆ. ಇದರ ಬಗ್ಗೆ ಮಲೆನಾಡಿನವರೇ ಮಾತಾಡಬೇಕು.

ಅಂಗಡಿಯವರು ವಾಟರ್‌ಪ್ರೂಫ್ ಅಂದ ಬ್ಯಾಗನ್ನು ಜುಲೈ ತಿಂಗಳಲ್ಲಿ ಕೊಟ್ಟಿಗೆಹಾರದ ಬಸ್‌ಸ್ಟಾಪಿನಲ್ಲಿ ಹತ್ತು ನಿಮಿಷ ಹಿಡಿದು ನೋಡಲಿ. ಬಟ್ಟೆ ನೀರು ತಡೆಯುತ್ತದೆ, ನಿಜ. ನೀರು ಬರುವುದು ಹೊಲಿಗೆಯ ತೂತಿನಿಂದ, ಜಿಪ್ಪಿನಿಂದ. ಮೇಲೆ ಹಾಕುವ ರೇನ್ ಕವರ್ ಅರ್ಧ ಕೆಲಸ ಮಾಡುತ್ತದೆ. ನಮ್ಮ ಬೆನ್ನಿಗೂ ಬ್ಯಾಗಿಗೂ ನಡುವೆ ನೀರು ಇಳಿದು, ಅದೇ ಕವರಿನ ತಳದಲ್ಲಿ ಕೆರೆಯ ಹಾಗೆ ನಿಲ್ಲುತ್ತದೆ. ನಾಟಿಗೆ ಹೋಗುವವರು ಮಳೆಗೆ ಹೊದೆಯುವ ಕೊಪ್ಪೆ ನೆನಪು ಮಾಡಿಕೊಳ್ಳಿ. ತಲೆಯಿಂದ ಶುರುವಾಗಿ ಬೆನ್ನ ಮೇಲೆ ಇಳಿಯುತ್ತದೆ. ಕುತ್ತಿಗೆಯ ಹತ್ತಿರ ನೀರಿಗೆ ದಾರಿಯೇ ಇಲ್ಲ. ಬ್ಯಾಗಿನ ಮೇಲಷ್ಟೇ ಹಾಕುವ ಕವರಿಗಿಂತ ಮನುಷ್ಯರನ್ನೂ ಬ್ಯಾಗನ್ನೂ ಒಟ್ಟಿಗೆ ಮುಚ್ಚುವ ಹೊದಿಕೆ ಎಷ್ಟೋ ಮೇಲು.

ಮಳೆಗಿಂತ ದೊಡ್ಡ ಶತ್ರು ಥಂಡಿ, ಅಂದರೆ ಗಾಳಿಯ ತೇವ. ನಮ್ಮ ಮನೆಯ ಅಟ್ಟದಲ್ಲಿ ಒಂದು ಒಳ್ಳೆಯ ಬ್ಯಾಗು ಇತ್ತು. ಎರಡೇ ಸಲ ಬಳಸಿದ್ದು. ಎರಡು ಮಳೆಗಾಲ ಕಳೆದು ಇಳಿಸಿದರೆ ಒಳಗೆಲ್ಲ ಅಂಟಂಟು, ಹುಳಿ ವಾಸನೆ. ಒಳಪದರ ಹಪ್ಪಳದ ಚೂರಿನ ಹಾಗೆ ಉದುರುತ್ತಿತ್ತು. ಮೋಸದ ಮಾಲು ಅಂತ ಬೈದುಕೊಂಡೆ. ಆಮೇಲೆ ಓದಿ ತಿಳಿದುಕೊಂಡೆ. ನೀರು ತಡೆಯಲಿ ಅಂತ ಬಟ್ಟೆಯ ಒಳಮೈಗೆ ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್ ಬಳಿದಿರುತ್ತಾರೆ. ಗಾಳಿಯಲ್ಲಿರುವ ತೇವ ಆ ಪದರದೊಳಗೆ ಸೇರಿ ಅದನ್ನು ಮೆಲ್ಲಗೆ ಒಡೆಯುತ್ತದೆ. ಹೈಡ್ರಾಲಿಸಿಸ್ ಅನ್ನುತ್ತಾರೆ. ಶೆಕೆ, ತೇವ ಎರಡೂ ಇದ್ದರೆ ಇನ್ನೂ ಬೇಗ. ಬ್ಯಾಗು ಬಳಸದೆ ಕಟ್ಟಿಟ್ಟರೂ ಇದು ನಿಲ್ಲುವುದಿಲ್ಲ. ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಸುತ್ತಿಟ್ಟರೆ ತೇವ ಒಳಗೇ ಉಳಿದು ಇನ್ನೂ ಕೆಡುತ್ತದೆ. ನೀರು ತಡೆಯಲು ಬಳಿದದ್ದನ್ನೇ ನಮ್ಮೂರ ಹವೆ ತಿಂದುಹಾಕುತ್ತದೆ! ಒಣ ಊರಿನವರಿಗೆ ಹತ್ತು ವರ್ಷ ಬರುವ ಬ್ಯಾಗು ನಮಗೆ ನಾಲ್ಕು ವರ್ಷವೂ ಬಾರದೆ ಇರಬಹುದು.

ಕಾಟನ್ ಕ್ಯಾನ್ವಾಸ್ ಆದರೆ ಬೂಷ್ಟು ಹಿಡಿಯುತ್ತದೆ, ಒದ್ದೆಯಾದರೆ ಭಾರ. ಹಾಗಾಗಿ ನಾನು ಒಂದು ನಿರ್ಧಾರಕ್ಕೆ ಬಂದಿದ್ದೇನೆ. ಬ್ಯಾಗಿಗೆ ಬಳಿದ ಪದರವೇ ಬೇಡ. ಗಟ್ಟಿ ನೈಲಾನ್ ಬಟ್ಟೆ ಸಾಕು. ನೀರು ತಡೆಯಲು ಒಳಗೆ ಬೇರೆ ದಪ್ಪ ಕವರ್. ನಮ್ಮ ಕಡೆ ಗೊಬ್ಬರದ ಚೀಲದ ಒಳಕವರನ್ನು ಚೆನ್ನಾಗಿ ತೊಳೆದು ಬಟ್ಟೆ ಹಾಕಿಕೊಂಡು ಹೋಗುತ್ತಿದ್ದರಲ್ಲ, ಅದೇ ಲೆಕ್ಕ. ಅದರ ಬಾಯಿ ಸುರುಳಿ ಸುತ್ತಿ ಕಟ್ಟಿದರೆ ಹನಿ ನೀರು ಹೋಗುವುದಿಲ್ಲ. ಹರಿದರೆ ಕವರು ಹೋಗುತ್ತದೆ, ಬ್ಯಾಗು ಉಳಿಯುತ್ತದೆ.

ಬಟ್ಟೆಯ ನೂಲಿಗೆ ಡೆನಿಯರ್ ಅಂತ ಒಂದು ಅಳತೆ ಇದೆ. 9000 ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೋ ಅಷ್ಟು ಡೆನಿಯರ್. ನಂಬರ್ ದೊಡ್ಡದಾದರೆ ನೂಲು ದಪ್ಪ, ತೂಕವೂ ಜಾಸ್ತಿ. ನೆಲಕ್ಕೆ ಉಜ್ಜುವ ತಳಕ್ಕೆ 1000 ಇರಲಿ. ಉಳಿದ ಕಡೆ 420 ಸಾಕು.

ಜಿಪ್ಪಿನ ಪಾಠ ಹೇಳಿಕೊಟ್ಟವರು ಚಿಕ್ಕಮಗಳೂರಿನ ಬ್ಯಾಗ್ ರಿಪೇರಿ ಅಣ್ಣ. ಜಿಪ್ ಹಾಕಿದ ಹಿಂದೆಯೇ ಬಿಚ್ಚಿಕೊಳ್ಳುತ್ತಿತ್ತು. ಹಲ್ಲು ಹೋಗಿದೆ, ಹೊಸ ಜಿಪ್ ಹಾಕಿಸಬೇಕು ಅಂದುಕೊಂಡು ಹೋದೆ. "ಹಲ್ಲು ಸರಿ ಇದೆ ಅಕ್ಕ. ರನ್ನರ್ ಸಡಿಲ ಆಗಿದೆ ಅಷ್ಟೇ" ಅಂದರು. ಕಟಿಂಗ್ ಪ್ಲೇಯರ್‌ನಲ್ಲಿ ರನ್ನರಿನ ಎರಡು ಬದಿ ಮೆಲ್ಲಗೆ ಒತ್ತಿದರು. ಸರಿಯಾಯಿತು. ತೆಗೆದುಕೊಂಡದ್ದು 20 ರೂಪಾಯಿ. ಜಿಪ್ಪಿನ ನಂಬರ್ ಅಂದರೆ ಹೆಚ್ಚುಕಡಿಮೆ ಅದರ ಹಲ್ಲಿನ ಸಾಲಿನ ಅಗಲ, ಮಿಲಿಮೀಟರಿನಲ್ಲಿ. 5 ನಂಬರ್ ಚಿಕ್ಕ ಜೇಬಿಗೆ ಸರಿ. ಬ್ಯಾಗಿನ ದೊಡ್ಡ ಬಾಯಿಗೆ 8 ಅಥವಾ 10 ಬೇಕು ಅಂತ ಅವರೇ ಹೇಳಿದ್ದು. ಅದೇ ದಿನ ನನ್ನ ಟ್ರಾಲಿಯ ಚಕ್ರವನ್ನೂ ತೋರಿಸಿದೆ. ರಿವೆಟ್ ಹೊಡೆದು ಕೂರಿಸಿದ್ದಾರೆ, ಸ್ಕ್ರೂ ಇದ್ದಿದ್ದರೆ ಬದಲಾಯಿಸಬಹುದಿತ್ತು ಅಂದರು. ಒಂದು ಚಕ್ರ ಹೋದರೆ ಇಡೀ ಬ್ಯಾಗು ಗುಜರಿಗೆ. ಇದು ನನಗೆ ಒಪ್ಪಿಗೆ ಇಲ್ಲ. ನಮ್ಮೂರಿನ ರಿಪೇರಿ ಅಂಗಡಿಯಲ್ಲಿ ಸರಿಮಾಡಲು ಆಗದ ಬ್ಯಾಗು ಎಷ್ಟೇ ಚೆನ್ನಾಗಿದ್ದರೂ ನನಗೆ ಬೇಡ.

ಪವರ್ ಬ್ಯಾಂಕ್ ಇಡುವ ಜೇಬು ಮೇಲೆಯೇ, ಕೈಗೆ ಸಿಗುವ ಹಾಗಿರಬೇಕು. ಪವರ್ ಬ್ಯಾಂಕನ್ನು ಲಗೇಜಿನ ಜೊತೆ ವಿಮಾನದ ಹೊಟ್ಟೆಗೆ ಹಾಕುವ ಹಾಗಿಲ್ಲ, ನಮ್ಮ ಜೊತೆಯೇ ಇರಬೇಕು. ಲಿಥಿಯಂ ಬ್ಯಾಟರಿಗೆ ಬೆಂಕಿ ಹತ್ತಿದರೆ ಕೆಳಗೆ ನಂದಿಸಲು ಯಾರೂ ಇರುವುದಿಲ್ಲ. ನನ್ನ ಬ್ಯಾಗನ್ನು ಗೇಟಿನಲ್ಲಿ ತೆಗೆದುಕೊಂಡರಲ್ಲ, ಆಗ ಪವರ್ ಬ್ಯಾಂಕ್ ಎಲ್ಲಕ್ಕಿಂತ ಅಡಿಯಲ್ಲಿತ್ತು. ಅಷ್ಟು ಜನರ ಎದುರು ನೆಲದ ಮೇಲೆ ಬಟ್ಟೆ ಹರಡಿ ಹುಡುಕಬೇಕಾಯಿತು. ಅಂದಹಾಗೆ, ಪವರ್ ಬ್ಯಾಂಕ್ ಎಷ್ಟು ವಿದ್ಯುತ್ ಹಿಡಿಯುತ್ತದೆ ಅನ್ನುವ ಲೆಕ್ಕದಲ್ಲಿ 100 ವ್ಯಾಟ್ ಅವರ್ ತನಕ ಬಿಡುತ್ತಾರೆ. 20,000 ಎಂ.ಎ.ಎಚ್. ಪವರ್ ಬ್ಯಾಂಕ್ ಅಂದರೆ 74 ವ್ಯಾಟ್ ಅವರ್. ತೊಂದರೆ ಇಲ್ಲ.

ಲ್ಯಾಪ್‌ಟಾಪಿನ ಜೇಬು ಬೆನ್ನ ಕಡೆ ಇರಲಿ, ಅದರ ತಳ ಬ್ಯಾಗಿನ ತಳಕ್ಕಿಂತ ಎರಡು ಬೆರಳು ಮೇಲಿರಲಿ. ಬ್ಯಾಗು ಇಡುವಾಗ ಧಡ್ ಅಂದರೂ ಪೆಟ್ಟು ಬೀಳಬಾರದು.

ಕೊನೆಗೆ ತಿಂಡಿಯ ವಿಷಯ. ಬ್ಯಾಗು ಮಾಡುವವರಿಗೆ ಇದು ಗೊತ್ತೇ ಇಲ್ಲ ಅನ್ನಿಸುತ್ತದೆ. ನಮ್ಮ ಬ್ಯಾಗಿನಲ್ಲಿ ಅರ್ಧ ನಮ್ಮದು, ಅರ್ಧ ಇನ್ನೊಬ್ಬರದ್ದು. ಕಾಫಿ ಪುಡಿ, ಮೆಣಸು, ಚಕ್ಕುಲಿ, ಏಲಕ್ಕಿ. ಮಕ್ಕಳು ದೂರದಲ್ಲಿದ್ದಾರೆ, ಬರಿಗೈಯಲ್ಲಿ ಹೋಗುವುದು ಹೇಗೆ? ಒಮ್ಮೆ ಅರಸೀಕೆರೆಯ ಚಿಕ್ಕಮ್ಮ ನಾಲ್ಕು ಕೊಬ್ಬರಿ ಗಿಟುಕು ಹಾಕಿಕೊಟ್ಟಿದ್ದರು. ತಪಾಸಣೆಯಲ್ಲಿ ತೆಗೆಸಿದರು. ಎಣ್ಣೆ ಅಂಶ ಜಾಸ್ತಿ ಇರುವುದರಿಂದ ಕೊಬ್ಬರಿ ತಾನಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳಬಹುದಾದ ವಸ್ತುಗಳ ಪಟ್ಟಿಯಲ್ಲಿದೆಯಂತೆ. ಚಿಕ್ಕಮ್ಮ ಆಯ್ದು ಒರೆಸಿ ಕೊಟ್ಟದ್ದನ್ನು ಅಲ್ಲೇ ಬಿಟ್ಟು ಬರುವಾಗ ಕಣ್ಣು ತುಂಬಿತು. ನಿಮ್ಮ ಮನೆಯವರಿಗೂ ಮೊದಲೇ ಹೇಳಿಬಿಡಿ. ವಿದೇಶಕ್ಕೆ ಹೋಗುವವರಿಗೆ ತುಪ್ಪ, ಜೇನುತುಪ್ಪ ಕೂಡ ದ್ರವದ ಲೆಕ್ಕ, ಕೈಬ್ಯಾಗಿನಲ್ಲಿ ಒಂದೊಂದು ಡಬ್ಬಿ 100 ಎಂ.ಎಲ್. ಮೀರಬಾರದು. ಅಮೆರಿಕಕ್ಕೆ ಹೋಗುವವರು ಕಾಫಿ ಪುಡಿಯನ್ನು ದೊಡ್ಡ ಲಗೇಜಿಗೇ ಹಾಕಿ. 2018ರಿಂದ ಅಲ್ಲಿಗೆ ಹೋಗುವ ವಿಮಾನಗಳಲ್ಲಿ 350 ಎಂ.ಎಲ್. ಡಬ್ಬಿಗಿಂತ ಜಾಸ್ತಿ ಪುಡಿ ಕೈಬ್ಯಾಗಿನಲ್ಲಿದ್ದರೆ ಹೆಚ್ಚಿನ ತಪಾಸಣೆ ಮಾಡುತ್ತಾರೆ.

ಹಾಗಾಗಿ ನನ್ನ ಬ್ಯಾಗಿನಲ್ಲಿ ಮೇಲೊಂದು ಬೇರೆ ಗೂಡು ಇರುತ್ತದೆ. ಬರೀ ತಿಂಡಿಗೆ. ಬಿಚ್ಚಿ ತೊಳೆಯುವ ಹಾಗೆ. ತಪಾಸಣೆಯವರು ಕೇಳಿದರೆ ಅದೊಂದನ್ನೇ ತೆಗೆದು ತೋರಿಸಬಹುದು. ಬರುವಾಗ ಖಾಲಿ, ಮಡಚಿ ಒಳಗಿಡಬಹುದು.

"ಇರುತ್ತದೆ" ಅಂದೆನಲ್ಲ, ಹೌದು, ಹೊಲಿಸುತ್ತಿದ್ದೇನೆ. ಅದೇ ರಿಪೇರಿ ಅಣ್ಣ ಒಪ್ಪಿಕೊಂಡಿದ್ದಾರೆ. 52, 33, 22 ಅಳತೆ ಕೊಟ್ಟಿದ್ದೇನೆ, ತುಂಬಿದಾಗ ಸ್ವಲ್ಪ ಉಬ್ಬುತ್ತದಲ್ಲ ಅದಕ್ಕೆ. ಸೂಟ್‌ಕೇಸಿನ ಹಾಗೆ ಪೂರ್ತಿ ತೆರೆಯುವ ಬಾಯಿ. ಬಟ್ಟೆ ಕತ್ತರಿಸಿ ತೂಗಿ ನೋಡಿದರು, ಜಿಪ್ ಸೇರಿ 640 ಗ್ರಾಂ ಬಂದಿದೆ. ಪಟ್ಟಿ, ಸ್ಪಂಜು ಇನ್ನೂ ಹಾಕಬೇಕು. ಎದೆಪಟ್ಟಿಗೆ ಮೇಲೆ ಕೆಳಗೆ ಸರಿಯುವ ಚಿಕ್ಕ ಬಕಲ್ ಇಲ್ಲಿ ಎಲ್ಲೂ ಸಿಗುತ್ತಿಲ್ಲ. ಹಾಸನದಲ್ಲೋ ಬೆಂಗಳೂರಿನ ಚಿಕ್ಕಪೇಟೆಯಲ್ಲೋ ಸಿಗುವ ಅಂಗಡಿ ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ಹೇಳಿ. ಮಳೆ ಹಿಡಿಯುವುದರೊಳಗೆ ಬ್ಯಾಗು ಕೈಗೆ ಬರಬೇಕು.